‘ಕಣೇ’ ಹೋಗಿ ‘ಕಣೋ’ ಆಗುವ ಹೊತ್ತು: ಹದಿಹರೆಯದ ಕ್ವಿಯರ್ ಪ್ರೇಮಕಥೆ ಬರೆಯುವವರ ಪ್ರಶ್ನೆಗಳು

14ರಿಂದ 18ರ ವಯಸ್ಸಿನ ಓದುಗರಿಗಾಗಿ ಇಂದಿನ ಕಾಲದ ಕ್ವಿಯರ್ (ಸಲಿಂಗ ಪ್ರೀತಿಯ, ಇಲ್ಲವೇ ಗಂಡು–ಹೆಣ್ಣಿನ ಚೌಕಟ್ಟಿಗೆ ಹೊಂದದವರ) ಪ್ರೇಮಕಥೆ ಬರೆಯುತ್ತಿರುವವರಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಪಿಯುಸಿ ಓದುವ ಇಬ್ಬರು ಹುಡುಗರ ಪ್ರೀತಿಯ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ. 60 ಪುಟ ಆಯಿತು, ಓದಿದ ಗೆಳೆಯರಿಗೆ ಅಲ್ಲಿ ಪ್ರೀತಿಯೇ ಕಾಣಿಸಲಿಲ್ಲವಂತೆ. ‘ಅವನನ್ನು ನೋಡಿದಾಗಲೆಲ್ಲ ನನ್ನೊಳಗೆ ಬಿರುಗಾಳಿ ಏಳುತ್ತಿತ್ತು, ನಾನು ಎಲ್ಲರಂತಲ್ಲ ಎಂಬ ಸತ್ಯ ಇರಿಯುತ್ತಿತ್ತು’ ಎಂಬಂಥ ಸಾಲುಗಳು ಬೇಕಾದಷ್ಟಿವೆ. ಎಲ್ಲಿ ತಪ್ಪಿದೆ? (ಶಿವಮೊಗ್ಗದ ಓದುಗರು)

ಉತ್ತರ: ಆ ಸಾಲನ್ನು ಇನ್ನೊಮ್ಮೆ ಓದಿ. ಅದರಲ್ಲಿ ‘ಅವನು’ ಇಲ್ಲವೇ ಇಲ್ಲ. ನಿಮ್ಮ ಹುಡುಗ ತನ್ನನ್ನೇ ನೋಡಿಕೊಳ್ಳುತ್ತಿದ್ದಾನೆ. ಎದುರಿಗಿರುವವನ ಕೈ ಹೇಗಿದೆ, ಯಾವ ಮಾತಿಗೆ ನಗುತ್ತಾನೆ, ಓದುಗರಿಗೆ ಒಂದೂ ಗೊತ್ತಾಗುವುದಿಲ್ಲ. 60 ಪುಟಗಳನ್ನೂ ಎರಡು ಬಣ್ಣದ ಪೆನ್ನು ಹಿಡಿದು ಓದಿ. ‘ನಾನು ಯಾರು’ ಎಂಬ ತಳಮಳದ ಸಾಲಿಗೆ ಒಂದು ಬಣ್ಣ, ಇಬ್ಬರೂ ಸೇರಿ ಏನಾದರೂ ಮಾಡುವ ಸಾಲಿಗೆ ಇನ್ನೊಂದು. ಎರಡನೆಯದು ಅರ್ಧಕ್ಕಿಂತ ಕಡಿಮೆ ಇದ್ದರೆ ನೀವು ಬರೆದಿರುವುದು ಪ್ರೇಮಕಥೆಯಲ್ಲ, ತಪ್ಪೊಪ್ಪಿಗೆ.

ನಿಮ್ಮ ಹುಡುಗರು ವಿಜ್ಞಾನದವರಾದರೆ ಅವರನ್ನು ಕೆಮಿಸ್ಟ್ರಿ ಲ್ಯಾಬಿಗೆ ಕಳಿಸಿ. ಆಕ್ಸಾಲಿಕ್ ಆಮ್ಲ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಟೈಟ್ರೇಷನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ. ಫ್ಲಾಸ್ಕನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಬೇಕು. ಒಬ್ಬ ಕಾಗದ ಮಡಚಿ ಫ್ಲಾಸ್ಕಿನ ಕತ್ತು ಹಿಡಿದು ತಿರುಗಿಸುತ್ತಾನೆ, ಇನ್ನೊಬ್ಬನ ಬೆರಳು ಹನಿ ಬಿಡುವ ಗಾಜಿನ ಕೊಳವೆಯ, ಬ್ಯೂರೆಟ್ಟಿನ, ತಿರುಗಣೆಯ ಮೇಲಿದೆ. ತೆಳು ಗುಲಾಬಿ ನಿಂತ ತಕ್ಷಣ ನಿಲ್ಲಿಸಬೇಕು, ಒಂದು ಹನಿ ಹೆಚ್ಚಾದರೂ ಬಣ್ಣ ಗಾಢವಾಗಿ ಲೆಕ್ಕ ಕೆಡುತ್ತದೆ. ‘ಸಾಕು’ ಅನ್ನಬೇಕಾದವನು ಎದುರಿನವನ ಮುಖ ನೋಡುತ್ತಾ ಮೈಮರೆತ. ಹನಿ ಬಿತ್ತು. ‘ಎಲ್ಲಿ ನೋಡ್ತಿದ್ದೆ?’ ಎಂದು ಇವನು ಕೇಳಿದಾಗ ಅವನ ಬಳಿ ಉತ್ತರವಿಲ್ಲ. ಬಿರುಗಾಳಿಯ ಸಾಲು ಹೇಳಲು ಹೊರಟಿದ್ದು ಇದನ್ನೇ.

ಇನ್ನೊಂದು ಮಾತು. ಹೊರದೇಶದ ಕಾದಂಬರಿಗಳಲ್ಲಿ ಇಬ್ಬರು ಹುಡುಗರು ಕೈಹಿಡಿದರೆ ಸಾಕು, ಇಡೀ ಶಾಲೆ ತಿರುಗಿ ನೋಡುತ್ತದೆ. ನಮ್ಮಲ್ಲಿ ಹುಡುಗರು ಹೆಗಲ ಮೇಲೆ ಕೈಹಾಕಿ ಬೀದಿ ಸುತ್ತಿದರೆ ಯಾರೂ ಕೇಳುವುದಿಲ್ಲ, ಓದಿಕೊಳ್ಳಲು ಬಂದ ಗೆಳತಿ ರಾತ್ರಿ ಉಳಿದರೆ ಅಮ್ಮನೇ ಹಾಸಿಗೆ ಹಾಸಿಕೊಡುತ್ತಾಳೆ. ಏಕಾಂತಕ್ಕಾಗಿ ಪರದಾಡಬೇಕಾದದ್ದು ಒಬ್ಬ ಹುಡುಗ, ಒಬ್ಬ ಹುಡುಗಿ. ನಿಮ್ಮ ಹುಡುಗರಿಗೆ ಜಾಗ ಸಿಗುತ್ತದೆ, ಸಿಗದಿರುವುದು ಹೆಸರು. ‘ಇದು ಬರೀ ಸ್ನೇಹವಾ?’ ಎಂದು ಬಾಯಿಬಿಟ್ಟು ಕೇಳಿದರೆ ಇದ್ದ ಸ್ನೇಹವೂ ಹೋದೀತು ಎಂಬ ಭಯ ಇಡೀ ಕಾದಂಬರಿಯನ್ನು ಎಳೆದುಕೊಂಡು ಹೋಗಬಲ್ಲದು. ಅದನ್ನು ಬಿಟ್ಟು ಬೇರೆ ಕಡೆಯ ದೃಶ್ಯ ತಂದು ಕೂರಿಸಿದರೆ ಇಲ್ಲಿನ ಓದುಗ ನಂಬುವುದಿಲ್ಲ.

ಪ್ರಶ್ನೆ: ನನ್ನ ಕಥೆಯಲ್ಲಿ ಇಬ್ಬರು ಹುಡುಗಿಯರು. ಮನೆಯವರು ಒಪ್ಪುವುದು, ಇಲ್ಲವೇ ಒಬ್ಬಳು ಸಾಯುವುದು ಬಿಟ್ಟರೆ ಬೇರೆ ಕೊನೆ ತೋಚುತ್ತಿಲ್ಲ. (ಧಾರವಾಡದ ಓದುಗರು)

ಉತ್ತರ: ಸಾಯಿಸಬೇಡಿ. ಈ ಬಗೆಯ ಕಥೆಗಳಿಗೆ ಸಾವು ಹಳೆಯ ಚಾಳಿ. 1969ರಲ್ಲಿ ಅಮೆರಿಕದಲ್ಲಿ ಜಾನ್ ಡೊನೊವನ್ ಬರೆದ ಕಾದಂಬರಿ ಹದಿಹರೆಯದವರ ಸಾಹಿತ್ಯದಲ್ಲಿ ಸಲಿಂಗ ಪ್ರೀತಿಯ ವಿಷಯ ಎತ್ತಿದ ಮೊದಲನೆಯದು ಎಂದು ಹೆಸರಾಗಿದೆ. ಅದರಲ್ಲಿ ಇಬ್ಬರು ಹುಡುಗರು ಹತ್ತಿರವಾದ ಮೇಲೆ ಒಬ್ಬನ ಮುದ್ದಿನ ನಾಯಿ ಕಾರಿಗೆ ಸಿಕ್ಕಿ ಸಾಯುತ್ತದೆ, ತಾನು ಮಾಡಿದ್ದಕ್ಕೆ ಇದೇ ಶಿಕ್ಷೆ ಎಂದು ಹುಡುಗ ಕೊರಗುತ್ತಾನೆ. 1982ರಲ್ಲಿ ಬಂದ ನ್ಯಾನ್ಸಿ ಗಾರ್ಡನ್ ಅವರ ‘ಆ್ಯನಿ ಆನ್ ಮೈ ಮೈಂಡ್’ ಬೇರೆ ದಾರಿ ಹಿಡಿಯಿತು. ಇಬ್ಬರು ಹುಡುಗಿಯರ ಪ್ರೀತಿ ಬಯಲಾಗಿ ಶಾಲೆಯಲ್ಲಿ ವಿಚಾರಣೆ ನಡೆಯುತ್ತದೆ, ಇಬ್ಬರು ಶಿಕ್ಷಕಿಯರು ಕೆಲಸ ಕಳೆದುಕೊಳ್ಳುತ್ತಾರೆ, ಹುಡುಗಿಯರು ದೂರವಾಗುತ್ತಾರೆ. ಕೊನೆಗೆ ಒಬ್ಬಳು ಇನ್ನೊಬ್ಬಳಿಗೆ ಫೋನ್ ಮಾಡುತ್ತಾಳೆ, ಅಷ್ಟೇ. ಕಾನ್ಸಾಸ್ ರಾಜ್ಯದ ಒಲೇಥದಲ್ಲಿ ಈ ಪುಸ್ತಕವನ್ನು ಶಾಲಾ ಗ್ರಂಥಾಲಯಗಳಿಂದ ತೆಗೆದಾಗ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು, 1995ರಲ್ಲಿ ಅದು ಕಪಾಟಿಗೆ ಮರಳಿತು.

ಆ ಫೋನ್ ಕರೆಯ ಅಳತೆ ನೆನಪಿಡಿ. ಹದಿನೇಳರ ಹುಡುಗಿಯರು ತಾವೇ ತೀರ್ಮಾನ ಮಾಡಬಹುದಾದಷ್ಟು ದೊಡ್ಡ ಕೊನೆ ಸಾಕು. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಒಬ್ಬಳಿಗೆ ಮಂಗಳೂರು, ಇನ್ನೊಬ್ಬಳಿಗೆ ಬೆಳಗಾವಿ ಸಿಕ್ಕಿತು, ಮುಂದೇನು ಎಂದು ಇಬ್ಬರೂ ಕೂತು ಮಾತಾಡಿದರು ಎಂಬುದೂ ಕೊನೆಯೇ. ಅಮ್ಮ ಭಾಷಣ ಮಾಡಿ ಒಪ್ಪುವುದು ಬೇಡ. ಮೂರು ವಾರ ಮಾತು ಬಿಟ್ಟವಳು ಪಾತ್ರೆ ತೊಳೆಯುತ್ತಾ ‘ಅಕಿಗೆ ಸೀಟು ಎಲ್ಲಿ ಸಿಕ್ಕದಂತ?’ ಎಂದು ಕೇಳಲಿ, ಓದುಗರಿಗೆ ಎಲ್ಲ ತಿಳಿಯುತ್ತದೆ.

ಮನೆಯವರಿಗೆ ವಿಷಯ ಹೇಗೆ ತಿಳಿಯಿತು ಎಂಬುದರಲ್ಲೂ ಹುಷಾರಾಗಿರಿ. ತಂಗಿಯೂ ಬಳಸುವ ಫೋನಿನ ಪರದೆ ಮೇಲೆ ವಾಟ್ಸ್‌ಆ್ಯಪ್ ಸಂದೇಶ ಕಾಣಿಸಿಕೊಂಡಿತು ಎಂದಿಟ್ಟುಕೊಳ್ಳಿ. ತಂಗಿ ಅದನ್ನು ಹೇಳಿಬಿಟ್ಟರೆ ಅದು ಅಕ್ಕನಿಗೆ ಆದ ಗಾಯ. ಎರಡೇ ಪುಟದಲ್ಲಿ ಕ್ಷಮಿಸಿ ನಗಿಸಿಬಿಟ್ಟರೆ, ಇಂಥದ್ದನ್ನು ಅನುಭವಿಸಿದ ಹುಡುಗಿ ಪುಸ್ತಕ ಅಲ್ಲೇ ಮುಚ್ಚಿಡುತ್ತಾಳೆ.

ಪ್ರಶ್ನೆ: ತಾನು ಹುಡುಗನೂ ಅಲ್ಲ, ಹುಡುಗಿಯೂ ಅಲ್ಲ ಎನ್ನುವ ಪಾತ್ರ ನನ್ನ ಕಥೆಯಲ್ಲಿದೆ. ‘ಅವರು ಬಂದರು’ ಎಂದು ಬರೆದರೆ ಹದಿನಾರರ ಮಗು ಹೆಡ್‌ಮೇಷ್ಟ್ರ ಹಾಗೆ ಕೇಳಿಸುತ್ತದೆ. (ಮೈಸೂರಿನ ಓದುಗರು)

ಉತ್ತರ: ನಿಮ್ಮ ಕಿವಿ ಸರಿಯಾಗಿದೆ. ಕನ್ನಡದಲ್ಲಿ ‘ಅವರು’ ಲಿಂಗವನ್ನು ಮರೆಸುವುದರ ಜೊತೆಗೆ ಮರ್ಯಾದೆಯ ದೂರವನ್ನೂ ತಂದಿಡುತ್ತದೆ. ಸಮಸ್ಯೆ ಸರ್ವನಾಮದ್ದಷ್ಟೇ ಅಲ್ಲ. ‘ಅವನು’ ಬಿಟ್ಟರೂ ‘ಬಂದ’, ‘ಬಂದಳು’ ಎಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಆದರೆ ಲಿಂಗ ಹೇಳದ ರೂಪಗಳೂ ನಮ್ಮಲ್ಲಿ ಧಾರಾಳವಾಗಿವೆ. ‘ಬರಲಿಲ್ಲ’, ‘ಬರಬೇಕು’, ‘ಗೊತ್ತು’, ‘ಇಷ್ಟ’ ಯಾವುದಕ್ಕೂ ಲಿಂಗವಿಲ್ಲ. ‘ಬಂದು’, ‘ಕೂತು’, ‘ನಕ್ಕಿದ್ದು’ ಇವಕ್ಕೂ ಇಲ್ಲ. ‘ಕಿರಣ್ ಬಂದು ಪಕ್ಕದಲ್ಲಿ ಕೂತಿದ್ದು ನನಗೆ ಗೊತ್ತೇ ಆಗಲಿಲ್ಲ’ ಎಂಬುದು ಪೂರ್ತಿ ಸಹಜವಾದ ವಾಕ್ಯ. ಆ ಪಾತ್ರವೇ ‘ನಾನು’ ಎಂದು ಕಥೆ ಹೇಳಿದರೆ ಕಷ್ಟ ಮುಕ್ಕಾಲು ಕಳೆಯುತ್ತದೆ, ‘ನಾನು ಬಂದೆ’ಗೆ ಲಿಂಗವಿಲ್ಲ. ಹಾಗೆಂದು ಇಡೀ ಪುಸ್ತಕವನ್ನು ‘ಕೂತಿದ್ದು, ನಕ್ಕಿದ್ದು’ಗಳಲ್ಲೇ ಎಳೆದರೆ ಗದ್ಯ ಕುಂಟುತ್ತದೆ. ‘ಅವರು’ ತನಗೆ ಬೇಕೆಂದು ಪಾತ್ರವೇ ಒಂದು ಕಡೆ ಕೇಳಲಿ, ಗೆಳೆಯರು ಎರಡು ಸಲ ತಪ್ಪಲಿ, ಮೂರನೆಯ ಸಲ ಅಭ್ಯಾಸವಾಗಲಿ. ಓದುಗರ ಕಿವಿಯೂ ಅವರ ಜೊತೆಗೇ ಪಳಗುತ್ತದೆ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಕರೆಯುವ ಮಾತು. ಹುಡುಗಿ ಎಂದು ಬೆಳೆಸಿದ ಮಗು ತಾನು ಹುಡುಗ ಎಂದು ಗೆಳತಿಗೆ ಹೇಳಿಕೊಂಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ಬಾ, ಬಸ್ ಬಂತು ಕಣೋ’ ಅನ್ನುತ್ತಾಳೆ. ‘ಕಣೇ’ ಹೋಗಿ ‘ಕಣೋ’ ಆಯಿತು, ಒಂದೇ ಅಕ್ಷರ. ಎರಡು ಪುಟದ ವಿವರಣೆಯನ್ನು ಅದು ಉಳಿಸುತ್ತದೆ. ಅದಕ್ಕೆ ಮುಂಚೆ ಐದಾರು ಕಡೆ ಅವಳ ಬಾಯಲ್ಲಿ ‘ಕಣೇ’ ಬಂದಿರಬೇಕು, ಇಲ್ಲದಿದ್ದರೆ ಬದಲಾದದ್ದು ಯಾರಿಗೂ ಕೇಳಿಸದು. ಕಥೆ ಉತ್ತರ ಕರ್ನಾಟಕದ್ದಾದರೆ ‘ಲೇ’ಯನ್ನು ನಂಬಬೇಡಿ, ಅಲ್ಲಿ ಅದು ಹುಡುಗರಿಗೂ ಸಲ್ಲುತ್ತದೆ.

ಪ್ರಶ್ನೆ: ಸಲಿಂಗಿ, ಸಲಿಂಗಕಾಮಿ, ಕ್ವಿಯರ್: ಯಾವ ಪದ ಬಳಸಲಿ? (ಬೆಂಗಳೂರಿನ ಓದುಗರು)

ಉತ್ತರ: ‘ಸಲಿಂಗಕಾಮಿ’ ಪ್ರೀತಿಯನ್ನು ಬರೀ ಕಾಮಕ್ಕೆ ಇಳಿಸುತ್ತದೆ, ನಿರೂಪಣೆಯಲ್ಲಿ ಬೇಡ. ‘ಸಲಿಂಗಿ’, ‘ಸಲಿಂಗಪ್ರೇಮಿ’ ಆಗಬಹುದು. ‘ಲೈಂಗಿಕ ಅಲ್ಪಸಂಖ್ಯಾತರು’ ಸಭೆಯ, ಅರ್ಜಿಯ ಭಾಷೆ, ಹದಿನೇಳರ ಬಾಯಲ್ಲಿ ಕೂರುವುದಿಲ್ಲ. ಇಂದಿನ ಮಕ್ಕಳು ‘ಗೇ’, ‘ಕ್ವಿಯರ್’, ‘ಟ್ರಾನ್ಸ್’ ಎಂದೇ ಅನ್ನುತ್ತಾರೆ, ಹಾಗೆಯೇ ಬರೆಯಿರಿ. ಬೈಗುಳ ಬರಬೇಕಾದ ಕಡೆ ಬರಲಿ, ಆದರೆ ಬೈದವನ ಬಾಯಲ್ಲಿ ಮಾತ್ರ.

ಪ್ರಶ್ನೆ: ನನ್ನ ಪಾತ್ರಗಳಿಗೆ 16–17 ವರ್ಷ. ಪ್ರಣಯ ಎಲ್ಲಿಯವರೆಗೆ ಬರೆಯಬಹುದು? ಕಾನೂನಿನ ತೊಡಕು ಇದೆಯೇ? (ಉಡುಪಿಯ ಓದುಗರು)

ಉತ್ತರ: ಇದೆ. 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳು. ಮಕ್ಕಳನ್ನು ಲೈಂಗಿಕವಾಗಿ ಚಿತ್ರಿಸುವ ಡಿಜಿಟಲ್ ಸಾಮಗ್ರಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ, ಅಲ್ಲಿ ಬರಹವೂ ಸೇರಿದೆ. ಕಾನೂನು ಇರಲಿ ಬಿಡಲಿ, ಈ ವಯಸ್ಸಿನ ಪಾತ್ರಗಳ ಲೈಂಗಿಕ ದೃಶ್ಯ ಬೇಡವೇ ಬೇಡ. ಕಾಯುವುದು, ಕೈ ತಾಗುವುದು, ಉತ್ತರ ಬಾರದ ಸಂದೇಶ, ಈ ವಯಸ್ಸಿನ ಪ್ರೀತಿ ಇರುವುದೇ ಅಲ್ಲಿ. ಅದೇ ಕಾರಣಕ್ಕೆ, ವಸುಧೇಂದ್ರ ಅವರ ‘ಮೋಹನಸ್ವಾಮಿ’ (2013) ಕನ್ನಡದಲ್ಲಿ ಸಲಿಂಗಪ್ರೇಮದ ಕಥೆಗಳಿಗೆ ದೊಡ್ಡ ಬಾಗಿಲು ತೆರೆದ ಸಂಕಲನವಾದರೂ ಅದು ದೊಡ್ಡವರ ಕಥೆ. ದೃಶ್ಯಗಳ ಮಟ್ಟಕ್ಕೆ ಅದನ್ನು ಮಾದರಿ ಮಾಡಿಕೊಳ್ಳಬೇಡಿ.

ಕಥೆ ಯಾವ ವರ್ಷದ್ದು ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಕರ ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ. 2020ರ ಕಥೆಯಲ್ಲಿ 21 ವರ್ಷದ ಅಣ್ಣನಿಗೆ ಯಾರೋ ‘377 ಹಾಕಿಸ್ತೀನಿ’ (ಆಗಿನ ದಂಡಸಂಹಿತೆಯ 377ನೇ ಕಲಮಿನ ಕೇಸು) ಎಂದರೆ ಅದು ಪೊಳ್ಳು ಬೆದರಿಕೆ, ಅಣ್ಣನಿಗೆ ಅದು ಗೊತ್ತಿಲ್ಲದಿರುವುದು ಬೇರೆ ಮಾತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಸಿಗಲಿಲ್ಲ, ಹಾಗಾಗಿ ಉಪಸಂಹಾರದಲ್ಲಿ ಅವರನ್ನು ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯಬೇಡಿ.

ಪ್ರಕಾಶಕರಿಗೆ ಹಸ್ತಪ್ರತಿ ಕೊಡುವಾಗ ಕೊನೆಯ ಪುಟದಲ್ಲಿ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098 ಅಚ್ಚು ಮಾಡಲು ಕೇಳಿ. ಎರಡಕ್ಕೂ ದುಡ್ಡಿಲ್ಲದೆ ಕರೆ ಮಾಡಬಹುದು. ಬೆನ್ನುಪುಟದಲ್ಲಿ ಬೇಡ, ಒಳಗೆ ಇರಲಿ. ಪುಸ್ತಕ ಮನೆಯಲ್ಲಿ ಮೇಜಿನ ಮೇಲೆ ಬೋರಲು ಬಿದ್ದಿರುತ್ತದೆ.