ಗಾಳಿಗೆ ಎದ್ದ ಶಿಂಗಲ್ಸ್, ಹಾರಿದ ಹೆಂಚು: ಮಾಡಿನ ದುರಸ್ತಿ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮನೆಯ ಮಾಡಿಗೆ ಕಬ್ಬಿಣದ ಟ್ರಸ್, ಅದರ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ ಡಾಂಬರಿನ ಶಿಂಗಲ್ಸ್ (ಹೆಂಚಿನಂತೆ ಸಾಲುಸಾಲಾಗಿ ಹೊದಿಸುವ ಹಾಳೆಗಳು). ಎರಡು ವರ್ಷದ ಹಿಂದೆ ಮೇ ಕೊನೆಯಲ್ಲಿ ಹಾಕಿಸಿದ್ದು. ಈ ಸಲ ರೋಹಿಣಿ ಮಳೆಯ ಗಾಳಿಗೆ ಪಶ್ಚಿಮದ ಸೂರಿನ ಬಳಿ ಹನ್ನೊಂದು ಶಿಂಗಲ್ ಕಿತ್ತು ಹೋಗಿವೆ. ಸುತ್ತಲಿನ ಕೆಲವು ಮೇಲೆದ್ದು ಮತ್ತೆ ಕೂತಿವೆ. ಹೋದಷ್ಟನ್ನು ಹಾಕಿಸಿದರೆ ಸಾಕೆ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಸಾಲದು. ಎದ್ದು ಕೂತವನ್ನೇ ಮೊದಲು ನೋಡಬೇಕು. ಗಾಳಿ ಮಾಡನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ. ಸೂರಿನ ಅಂಚು, ಮೂಲೆ, ನೆತ್ತಿ ಈ ಮೂರು ಕಡೆ ಆ ಎಳೆತ ಜಾಸ್ತಿ. ಅದನ್ನು ತಡೆಯುವುದು ಮೊಳೆಯೊಂದೇ ಅಲ್ಲ. ಶಿಂಗಲ್ ಮೇಲಿರುವ ಅಂಟಿನ ಪಟ್ಟಿ ಬಿಸಿಲಿನ ಕಾವಿಗೆ ಕರಗಿ ಮೇಲಿನ ಸಾಲಿನ ತುದಿಯನ್ನು ಹಿಡಿದುಕೊಳ್ಳಬೇಕು. ಮೇ ಕೊನೆಯಲ್ಲಿ ಹಾಕಿ, ಹದಿನೈದು ದಿನಕ್ಕೆ ಮೃಗಶಿರ ಮಳೆ ಹಿಡಿದರೆ ಆ ಅಂಟಿಗೆ ಕಾವು ಸಿಗುವುದೇ ಇಲ್ಲ. ಮಣ್ಣು ರಸ್ತೆಯ ಕೆಂಪು ಧೂಳು ಪಟ್ಟಿಯ ಮೇಲೆ ಕೂತರೆ ಮುಂದಿನ ಬೇಸಿಗೆಯಲ್ಲೂ ಹಿಡಿಯದು. ನಿಮ್ಮ ಮಾಡಿಗೆ ಆಗಿರುವುದು ಬಹುಶಃ ಇದೇ. ಶಿಂಗಲ್ ಹಿಂಬದಿಯ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಕೀಳದ್ದರಿಂದ ಹೀಗಾಯಿತು ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಕಟ್ಟಿನಲ್ಲಿರುವಾಗ ಒಂದಕ್ಕೊಂದು ಅಂಟದಿರಲೆಂದು ಇಟ್ಟ ಪಟ್ಟಿ ಅದು, ಕೀಳಬೇಕಿಲ್ಲ.

ಪರೀಕ್ಷೆ ಸುಲಭ. ಒಂದು ಶಿಂಗಲ್ ಹಾಳೆಯ ಕೆಳಭಾಗ ಎರಡು ಸೀಳುಗಳಿಂದ ಮೂರು ನಾಲಿಗೆಗಳಾಗಿರುತ್ತದೆ. ಒಂದೊಂದು ನಾಲಿಗೆಯ ತುದಿಯನ್ನೂ ಬೆರಳಿನಿಂದ ಮೆಲ್ಲಗೆ ಎತ್ತಿ. ಅಂಟು ಬಿಟ್ಟಿದ್ದರೂ ಹಾಳೆ ಚೆನ್ನಾಗಿದ್ದರೆ ಮತ್ತೆ ಅಂಟಿಸಿದರಾಯಿತು. ನಾಲಿಗೆಯ ಬುಡದಲ್ಲಿ ಅಡ್ಡಗೆರೆ ಬಿದ್ದು, ಅಲ್ಲಿ ಹಾಳೆಯ ಮೇಲ್ಮೈಯ ಸಣ್ಣ ಕಲ್ಲಿನ ಹರಳು ಉದುರಿ ಕಪ್ಪಗೆ ಕಂಡರೆ ಒಳಗಿನ ಫೈಬರ್‌ಗ್ಲಾಸ್ ಮುರಿದಿದೆ ಎಂದರ್ಥ. ಅದು ಕೂತಂತೆ ಕಂಡರೂ ಮುಂದಿನ ಗಾಳಿಗೆ ಹೋಗುತ್ತದೆ, ಬದಲಿಸಿ. ಅಂಗಳದಲ್ಲಿ ಬಿದ್ದ ತುಂಡುಗಳನ್ನೂ ಎಸೆಯಬೇಡಿ. ಅವುಗಳಲ್ಲಿ ಮೊಳೆಯ ತೂತು ಎಲ್ಲಿದೆ ನೋಡಿ. ಅಂಟಿನ ಪಟ್ಟಿಗಿಂತ ಮೇಲಿದ್ದರೆ ಮೇಸ್ತ್ರಿ ಮೊಳೆಯನ್ನು ತಪ್ಪು ಜಾಗಕ್ಕೆ ಹೊಡೆದಿದ್ದಾರೆ, ಮಾಡಿನ ಉಳಿದ ಕಡೆಯೂ ಅದೇ ತಪ್ಪು ಇರುವ ಸಂಭವ ಹೆಚ್ಚು.

ಬದಲಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಹಾಳಾದ ಹಾಳೆಯನ್ನು ಹಿಡಿದಿರುವುದು ಅದರದೇ ಮೊಳೆಗಳು ಮಾತ್ರವಲ್ಲ. ಮೇಲಿನ ಸಾಲಿನ ಮೊಳೆಗಳೂ ಅದರ ಮೇಲಂಚಿನ ಮೂಲಕ ಇಳಿದಿರುತ್ತವೆ. ಹಾಗಾಗಿ ಮೇಲಿನ ಎರಡು ಸಾಲುಗಳ ನಾಲಿಗೆಗಳನ್ನು ಬಿಡಿಸಿಕೊಳ್ಳಬೇಕು. ಬೆಳಿಗ್ಗೆ ಏಳೆಂಟು ಗಂಟೆಯ ತಂಪಿನಲ್ಲಿ ಅಗಲ ಪಟ್ಟಿಯ ಚಾಕು (ಪೇಂಟರ್‌ಗಳು ಬಳಸುವ ಪಟ್ಟಿ) ತೂರಿಸಿದರೆ ಅಂಟು ಸಲೀಸಾಗಿ ಬಿಡುತ್ತದೆ. ಮಧ್ಯಾಹ್ನ ಡಾಂಬರು ಮೆತ್ತಗಾಗಿ ಹಾಳೆ ಹಿಗ್ಗುತ್ತದೆ, ಹರಿಯುತ್ತದೆ. ಚಪ್ಪಟೆ ಮೀಟುಗೋಲಿನಿಂದ ಎರಡೂ ಸಾಲಿನ ಮೊಳೆ ಎಬ್ಬಿಸಿ, ಹಳೇ ಹಾಳೆ ಎಳೆದು, ಹೊಸದನ್ನು ಅಕ್ಕಪಕ್ಕದವುಗಳ ಗೆರೆಗೆ ಸರಿಯಾಗಿ ತೂರಿಸಿ. ಮೊಳೆ ಅಗಲ ತಲೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಮೊಳೆಯೇ ಆಗಬೇಕು, ತಲೆ ಸುಮಾರು 10 ಮಿ.ಮೀ. ಇರಲಿ. 12 ಮಿ.ಮೀ. ಪ್ಲೈವುಡ್‌ಗೆ 30 ಮಿ.ಮೀ. ಉದ್ದ ಸಾಕು, ತುದಿ ಕೆಳಗೆ ಕಾಣಬೇಕು. ನೆತ್ತಿಯ ಮೇಲೆ ಪದರ ಹೆಚ್ಚಿರುವುದರಿಂದ ಅಲ್ಲಿಗೆ 45 ಮಿ.ಮೀ. ಬೇಕು.

ಸಾಮಾನ್ಯವಾಗಿ ಹಾಳೆಗೆ ನಾಲ್ಕು ಮೊಳೆ: ಎರಡು ತುದಿಗಳಿಂದ 25 ಮಿ.ಮೀ. ಒಳಗೆ ಒಂದೊಂದು, ಪ್ರತಿ ಸೀಳಿನ ಮೇಲ್ತುದಿಗಿಂತ ತುಸು ಮೇಲಕ್ಕೆ ಒಂದೊಂದು. ಗುಡ್ಡದ ನೆತ್ತಿ, ಗದ್ದೆ ಬಯಲಿನ ಎದುರು, ಶರಾವತಿ ಹಿನ್ನೀರಿನ ದಡ, ಇಂಥ ಕಡೆ ಆರು ಹೊಡೆಸಿ. ಆಗ ಸೀಳಿನ ಎಡಕ್ಕೊಂದು ಬಲಕ್ಕೊಂದು ಬರುತ್ತದೆ. ಮೊಳೆ ಅಂಟಿನ ಪಟ್ಟಿಗಿಂತ ಸ್ವಲ್ಪ ಕೆಳಗೆ, ನೇರವಾಗಿ ಇಳಿಯಬೇಕು. ತಲೆ ಹಾಳೆಯನ್ನು ಕೊರೆಯಬಾರದು, ಎದ್ದೂ ನಿಲ್ಲಬಾರದು. ಎದ್ದ ಮೊಳೆಯ ತಲೆ ಮೇಲಿನ ಸಾಲನ್ನು ಅಂಟಲು ಬಿಡುವುದಿಲ್ಲ. ಹಳೇ ತೂತಿಗೇ ಹೊಸ ಮೊಳೆ ಹೊಡೆದರೆ ಹಿಡಿತವಿರದು. ಪಕ್ಕದಲ್ಲಿ ಹೊಡೆದು, ಹಳೇ ತೂತಿಗೆ ರೂಫ್ ಸಿಮೆಂಟ್ (ಡಾಂಬರಿನ ಅಂಟು, ಗಾರೆಯ ಸಿಮೆಂಟ್ ಅಲ್ಲ) ಮೆತ್ತಿ.

ಕೊನೆಗೆ, ಬಿಡಿಸಿದ ಮತ್ತು ಅಂಟು ಬಿಟ್ಟ ಪ್ರತಿ ನಾಲಿಗೆಯ ಕೆಳಗೂ ಹತ್ತು ರೂಪಾಯಿ ನಾಣ್ಯದಷ್ಟು ರೂಫ್ ಸಿಮೆಂಟನ್ನು ಎರಡು ಕಡೆ ಇಟ್ಟು ಒತ್ತಿ. ನಮ್ಮ ಮಲೆನಾಡಿನಲ್ಲಿ ಈ ಕೈಅಂಟು ಬಿಡಲೇಬಾರದು, ಬಿಸಿಲನ್ನು ನಂಬಿ ಕೂರಬಾರದು. ಹಾಗೆಂದು ಜಾಸ್ತಿ ಬಳಿದರೂ ಕೆಡುಕು: ಅದರಲ್ಲಿನ ದ್ರಾವಕ ಶಿಂಗಲ್‌ನ ಡಾಂಬರನ್ನೇ ಮೆತ್ತಗಾಗಿಸಿ ಗುಳ್ಳೆ ಎಬ್ಬಿಸುತ್ತದೆ.

ನಿಮ್ಮಲ್ಲಿ ಕಿತ್ತಿರುವುದು ಸೂರಿನ ಬಳಿ. ಹಾಗಾಗಿ ಅಲ್ಲಿನ ಮೊದಲ ಅಡಿಸಾಲನ್ನೂ ತೆಗೆದು ನೋಡಿಸಿ. ಶಿಂಗಲ್‌ನ ನಾಲಿಗೆ ಕತ್ತರಿಸಿ, ಅಂಟಿನ ಪಟ್ಟಿ ಸೂರಿನ ಅಂಚಿಗೇ ಬರುವಂತೆ ಈ ಸಾಲನ್ನು ಹಾಕಬೇಕು. ಬಹಳ ಕಡೆ ಇಡೀ ಹಾಳೆಯನ್ನೇ ತಲೆಕೆಳಗು ಮಾಡಿ ಹಾಕಿರುತ್ತಾರೆ. ಆಗ ಅಂಟು ಅಂಚಿಗೆ ಬರದೆ ಮೇಲೆ ಉಳಿಯುತ್ತದೆ, ಅಂಚಿನ ನಾಲಿಗೆಗಳು ಗಾಳಿಗೆ ಬಾಯಿ ತೆರೆದೇ ಇರುತ್ತವೆ. ಸೂರಿನ ತಗಡಿನಿಂದ ಶಿಂಗಲ್ 6ರಿಂದ 10 ಮಿ.ಮೀ. ಮಾತ್ರ ಹೊರಚಾಚಲಿ. ಹೆಚ್ಚು ಚಾಚಿದಷ್ಟೂ ಗಾಳಿಗೆ ಹಿಡಿ ಸಿಕ್ಕಂತೆ.

ಪ್ರಶ್ನೆ: ಆರಿದ್ರಾ ಮಳೆ ಜಡಿಯುತ್ತಿದೆ, ಶಿಂಗಲ್ ಹಾರಿದ ಕಡೆ ಸೋರುತ್ತಿದೆ. ಮಳೆಯಲ್ಲೇ ರಿಪೇರಿ ಮಾಡಿಸಬಹುದೇ?
– ಸಾಗರದ ಓದುಗರು

ಉತ್ತರ: ಪೂರ್ತಿ ರಿಪೇರಿ ಬೇಡ, ತಡೆ ಮಾತ್ರ ಮಾಡಿ. ಸೋರಿದ ನೀರು ಫ್ಯಾನ್ ಅಥವಾ ಲೈಟಿನ ಪಾಯಿಂಟಿಗೆ ಇಳಿಯುತ್ತಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ. ಮರ ಬಿದ್ದು ತಂತಿ ಮಾಡಿಗೆ ತಾಗಿದ್ದರೆ ಏಣಿ ಇಡಲೇಬೇಡಿ, ಮೆಸ್ಕಾಂನ 1912ಕ್ಕೆ ಕರೆ ಮಾಡಿ. ವಿಮೆ ಇದ್ದರೆ ಏನನ್ನೂ ಮುಟ್ಟುವ ಮುಂಚೆ ಫೋಟೋ ತೆಗೆದಿಡಿ.

ಒಂದೆರಡು ಹಾಳೆ ಹೋದ ಜಾಗಕ್ಕೆ ಅಲ್ಯೂಮಿನಿಯಂ ಅಥವಾ ಜಿಐ ತಗಡಿನ ತುಂಡು ಸಾಕು. ತೂತಿಗಿಂತ ಎಲ್ಲ ಕಡೆ 15 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಮೇಲಂಚನ್ನು ಮೇಲಿನ ಸಾಲಿನ ಕೆಳಗೆ ತೂರಿಸಿ, ಒದ್ದೆಗೂ ಹಿಡಿಯುವ ರೂಫ್ ಸಿಮೆಂಟ್‌ನಿಂದ ಅಂಟಿಸಿ. ಜಾಗ ದೊಡ್ಡದಿದ್ದರೆ ಟಾರ್ಪಾಲು. ಅದನ್ನು ನೆತ್ತಿ ದಾಟಿಸಿ ಆಚೆ ಬದಿಗೆ ಒಂದು ಮೀಟರಾದರೂ ಇಳಿಸಬೇಕು, ಇಲ್ಲವಾದರೆ ಮೇಲಿನ ಅಂಚಿನಿಂದಲೇ ನೀರು ಒಳಗೆ ಹೋಗುತ್ತದೆ. ತುದಿಗಳನ್ನು ಮರದ ರೀಪಿಗೆ ಎರಡು ಸುತ್ತು ಸುತ್ತಿ, ಆ ರೀಪಿಗೆ ಹಗ್ಗ ಹಾಕಿ ಸೂರಿನ ಕೆಳಗೆ ಕಟ್ಟಿ. ಚೆನ್ನಾಗಿರುವ ಶಿಂಗಲ್ ಮೇಲೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಳ್ಳಬೇಡಿ. ಕಲ್ಲು ಹೇರುವುದೂ ಬೇಡ, ಗಾಳಿಗೆ ಟಾರ್ಪಾಲು ಬಡಿದಾಗ ಕಲ್ಲು ಉರುಳಿ ಕೆಳಗಿದ್ದವರ ಮೇಲೆ ಬೀಳುತ್ತದೆ.

ಮಳೆ ಬಿಟ್ಟ ಮೇಲೆ ಸೋರಿದ ಜಾಗದ ಪ್ಲೈವುಡ್‌ಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಇಳಿದರೆ ಕೊಳೆತಿದೆ, ಟ್ರಸ್‌ನಿಂದ ಟ್ರಸ್‌ವರೆಗೆ ಕತ್ತರಿಸಿ ಹೊಸದು ಹಾಕಿ. ಮೆದುವಾದ ಹಲಗೆಯಲ್ಲಿ ಎಷ್ಟು ಮೊಳೆ ಹೊಡೆದರೂ ಹಿಡಿಯದು. ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಹಲಗೆ ಒಣಗಿರುತ್ತದೆ, ಅಂಟು ಕಾಯಲು ಎರಡು ತಿಂಗಳ ಬಿಸಿಲೂ ಸಿಗುತ್ತದೆ.

ಪ್ರಶ್ನೆ: ನಮ್ಮದು ಮಂಗಳೂರು ಹೆಂಚಿನ ಮನೆ. ಪ್ರತಿ ವರ್ಷ ಜಗಲಿಯ ಸೂರಿನ ಎರಡು ಸಾಲು ಹೆಂಚು ಗಾಳಿಗೆ ಹಾರುತ್ತದೆ. ಸಿಮೆಂಟ್ ಹಾಕಿ ಕೂರಿಸಿಬಿಡಿ ಎನ್ನುತ್ತಾರೆ. ಸರಿಯೇ?
– ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಬೇಡ. ತೆರೆದ ಜಗಲಿಯಲ್ಲಿ ಗಾಳಿ ಕೆಳಗಿನಿಂದ ದೂಡುತ್ತದೆ, ಮೇಲಿನಿಂದ ಎಳೆಯುತ್ತದೆ. ಎರಡೂ ಸೇರಿದಾಗ ಹೆಂಚಿನ ಭಾರ ಸಾಲುವುದಿಲ್ಲ. ಸಿಮೆಂಟ್ ಬಿರುಕು ಬಿಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ರೀಪು ಕೊಳೆಯುತ್ತದೆ. ಮುಂದೆ ಒಂದು ಹೆಂಚು ತೆಗೆಯಲು ಹೋದರೆ ಅಕ್ಕಪಕ್ಕದ ಮೂರು ಒಡೆಯುತ್ತವೆ. ಹೆಂಚಿನ ಹಿಂಬದಿಯ ಮೂಗಿನಲ್ಲಿ ತೂತಿರುವುದು ಕಟ್ಟುವುದಕ್ಕೆಂದೇ. ಜಿಐ ತಂತಿ ಪೋಣಿಸಿ ಕೆಳಗಿನ ರೀಪಿಗೆ ಬಿಗಿದು ತಿರುಚಿ. ಸೂರಿನ ಮೂರು ಸಾಲು, ಮಾಡಿನ ಎರಡು ಪಕ್ಕದ ಅಂಚಿನ ಸಾಲುಗಳನ್ನು ಕಟ್ಟಿದರೆ ಸಾಕು. ಗಾರೆ ಬೇಕಿರುವುದು ನೆತ್ತಿಯ ಮೂಲೆ ಹೆಂಚಿಗೆ ಮಾತ್ರ. ಕಟ್ಟುವ ಮುಂಚೆ ರೀಪಿಗೆ ಒರಲೆ ಹಿಡಿದಿದೆಯೇ, ಅದರ ಮೊಳೆ ಪಕಾಸಿಯಲ್ಲಿ (ರೀಪು ಹೊತ್ತಿರುವ ಇಳಿಜಾರು ಮರ) ಗಟ್ಟಿಯಾಗಿದೆಯೇ ನೋಡಿ. ಸಡಿಲ ರೀಪಿಗೆ ಹೆಂಚು ಕಟ್ಟಿದರೆ ಎರಡೂ ಒಟ್ಟಿಗೆ ಹಾರುತ್ತವೆ.

ಪ್ರಶ್ನೆ: ಹದಿನಾಲ್ಕು ವರ್ಷದ ಶಿಂಗಲ್ಸ್ ಮಾಡು. ಒಂದು ಬದಿಯಲ್ಲಿ ಇಪ್ಪತ್ತು ಹಾಳೆ ಹೋಗಿವೆ. ತೇಪೆ ಹಾಕಿಸುವುದೋ, ಪೂರ್ತಿ ಬದಲಿಸುವುದೋ?
– ಶಿವಮೊಗ್ಗದ ಓದುಗರು

ಉತ್ತರ: ಚೆನ್ನಾಗಿ ಕಾಣುವ ಭಾಗದಲ್ಲಿ ನಾಲ್ಕೈದು ಕಡೆ ನಾಲಿಗೆ ಬಿಡಿಸಿ ಮೆಲ್ಲಗೆ ಬಾಗಿಸಿ. ಬಾಗಿದರೆ ತೇಪೆ ಹಾಕಬಹುದು. ಬಿರುಕು ಬಿಟ್ಟರೆ ಹಾಕಲಾಗದು, ಏಕೆಂದರೆ ಒಂದನ್ನು ಬದಲಿಸಲು ಮೇಲಿನ ಎರಡು ಸಾಲು ಎತ್ತಲೇಬೇಕು, ಎತ್ತಿದರೆ ಅವೂ ಮುರಿಯುತ್ತವೆ. ಮಳೆ ನೀರಿನ ದಂಬೆಯಲ್ಲಿ ಹರಳು ರಾಶಿ ಬಿದ್ದಿದ್ದರೆ ಅದೂ ಆಯುಸ್ಸು ಮುಗಿದ ಲಕ್ಷಣ. ಆಗ ಆ ಒಂದು ಬದಿಯನ್ನಾದರೂ ಸೂರಿನಿಂದ ನೆತ್ತಿಯವರೆಗೆ ಪೂರ್ತಿ ಬದಲಿಸಿ.

ಲೆಕ್ಕ ಹೀಗೆ: ಒಂದು ಮೀಟರ್ ಉದ್ದದ ಹಾಳೆ ಸುಮಾರು 14 ಸೆಂ.ಮೀ. ಹೊರಗೆ ಕಾಣುವಂತೆ ಕೂರುತ್ತದೆ. ಹಾಗಾಗಿ ಚದರ ಮೀಟರಿಗೆ ಏಳು ಹಾಳೆ. 10 ಚದರ ಮೀಟರಿಗೆ 70 ಹಾಳೆ, ಆರರಂತೆ 420 ಮೊಳೆ. ಕತ್ತರಿಸಿ ಹಾಳಾಗುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚು ತನ್ನಿ. ತೇಪೆಯೇ ಆದರೆ ಹೊಸ ಹಾಳೆಯ ಬಣ್ಣ ಹಳೆಯದಕ್ಕೆ ಹೊಂದುವುದಿಲ್ಲ. ಎದುರಿನ ಬದಿಗೆ ಹಿತ್ತಲ ಕಡೆಯ ಹಳೇ ಹಾಳೆಗಳನ್ನು ತಂದು ಹಾಕಿ, ಹೊಸದನ್ನು ಹಿತ್ತಲ ಕಡೆಗೆ ಹಾಕಿಸಬಹುದು. ಉಳಿದ ಕಟ್ಟನ್ನು ನೆರಳಿನಲ್ಲಿ, ಸಮತಟ್ಟಾದ ಹಲಗೆಯ ಮೇಲೆ ಮಲಗಿಸಿ ಇಡಿ. ಗೋಡೆಗೆ ಒರಗಿಸಿಟ್ಟ ಹಾಳೆ ಬಾಗಿಬಿಡುತ್ತದೆ, ಮತ್ತೆ ಮಾಡಿನ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ.