ಆಜಿಯ ಕೊಂಕಣಿಯನ್ನು ನಿಲ್ಲಿಸಬೇಡಿ

ಮಗಳಿಗೆ ಮೂರು ತುಂಬಿದೆ, ಮನೆಯಲ್ಲಿ ಅತ್ತೆ ಮತ್ತು ಗಂಡ ಆಡುವುದು ಕೊಂಕಣಿ, ನೀವು ಆಡುವುದು ಕನ್ನಡ, ಮಗು ಎರಡನ್ನೂ ಕಲಸಿ ಮಾತನಾಡುತ್ತದೆ ಎಂದು ಬರೆದಿದ್ದೀರಿ. ಶಾಲೆಗೆ ಸೇರಿಸುವ ಮೊದಲು ಕೊಂಕಣಿಯನ್ನು ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ನಿಲ್ಲಿಸಬೇಡಿ. ನಾವು ನಿಲ್ಲಿಸಿ ನೋಡಿದ್ದೇವೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನನ್ನ ತವರು ಶಿರಸಿಯ ಹತ್ತಿರದ ಹಳ್ಳಿ, ಅಡಿಕೆ ತೋಟದ ಹವ್ಯಕರ ಮನೆ. ಗಂಡನ ಮನೆ ಕಾರವಾರದ ಕಾಳಿ ನದಿಯಾಚೆ, ಸದಾಶಿವಗಡದಲ್ಲಿ. ನಾವಿರುವುದೂ ಅಲ್ಲಿಯೇ. ನಾವಿಬ್ಬರೂ ಬೆಳಿಗ್ಗೆ ಸೇತುವೆ ದಾಟಿ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹಗಲೆಲ್ಲ ಮಗಳು ಆಜಿಯ ಜೊತೆ, ಅಂದರೆ ನನ್ನ ಅತ್ತೆಯ ಜೊತೆ. ಹಾಗಾಗಿ ಅವಳ ಮೊದಲ ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊಂಕಣಿ. ಅವಳು ಮೊದಲು ಆಡಿದ ಪದ ಮಾತ್ರ ಯಾವ ಭಾಷೆಯದೆಂದು ಇಂದಿಗೂ ಹೇಳಲಾರೆ. ಅದು ‘ಆಯಿ’. ನಮ್ಮ ಹವ್ಯಕರಲ್ಲಿಯೂ ತಾಯಿ ಆಯಿಯೇ, ಅವರ ಮನೆಯಲ್ಲಿಯೂ ಆಯಿಯೇ.

ಮೂರು ವರ್ಷಕ್ಕೆ ಅವಳನ್ನು ಒಂದು ಶಾಲೆಗೆ ಕರೆದುಕೊಂಡು ಹೋದೆವು. ಅಲ್ಲಿ ಚಿತ್ರದ ಕಾರ್ಡು ತೋರಿಸಿದರು. ನೀರಿನ ಲೋಟಕ್ಕೆ ‘ಉದಕ’ ಎಂದಳು, ಬೆಕ್ಕಿಗೆ ‘ಮಾಜರ’ ಎಂದಳು, ಮರಕ್ಕೆ ಮಾತ್ರ ‘ಮರ’ ಎಂದಳು. ಶಿಕ್ಷಕಿ ಕಾರ್ಡುಗಳನ್ನು ಮಡಚಿಟ್ಟು, ಮಗು ಗೊಂದಲದಲ್ಲಿದೆ, ಮನೆಯಲ್ಲಿ ಒಂದೇ ಭಾಷೆ ಇರಲಿ ಎಂದರು. ಮಗು ಮೂರಕ್ಕೂ ಸರಿಯಾದ ಉತ್ತರ ಕೊಟ್ಟಿತ್ತು. ಅದನ್ನು ಅಲ್ಲಿಯೇ ಹೇಳಬೇಕಿತ್ತು, ಹೇಳಲಿಲ್ಲ. ಮನೆಗೆ ಬಂದು ಅತ್ತೆಯವರಿಗೆ, ಇನ್ನು ಮೇಲೆ ಮಗುವಿನ ಜೊತೆ ಕನ್ನಡವೇ ಆಗಲಿ ಎಂದೆವು.

ಅತ್ತೆಯವರಿಗೆ ಕನ್ನಡ ಬರುತ್ತದೆ, ಆದರೆ ಅದು ಬಸ್ಸಿನ, ಅಂಗಡಿಯ ಕನ್ನಡ. ‘ಬಾ’, ‘ಊಟ ಮಾಡು’, ‘ಅಲ್ಲಿ ಹೋಗಬೇಡ’, ‘ಮಲಗು’ ಇಷ್ಟಕ್ಕೆ ಸಾಕು. ಮಧ್ಯಾಹ್ನ ಮಲಗಿಸುವಾಗ ಅವರು ಹೇಳುತ್ತಿದ್ದ ಕಾಗೆ ಗುಬ್ಬಿಯ ಕಥೆಗೆ ಅದು ಸಾಲುತ್ತಿರಲಿಲ್ಲ. ಕಾಗೆಯದು ಸೆಗಣಿಯ ಮನೆ, ಗುಬ್ಬಿಯದು ಮೇಣದ ಮನೆ, ಮಳೆ ಬಂದು ಕಾಗೆಯ ಮನೆ ಕೊಚ್ಚಿಹೋಗುವ ಆ ಕಥೆಯಲ್ಲಿ ಕಾಗೆ ಬಾಗಿಲು ತಟ್ಟುವ ಮಾತಿಗೊಂದು ರಾಗವಿದೆ. ಕನ್ನಡದಲ್ಲಿ ಆ ರಾಗ ಕೂರಲಿಲ್ಲ. ಅವರು ಕಥೆ ಹೇಳುವುದನ್ನೇ ಬಿಟ್ಟರು. ಲಾಲಿಯೂ ನಿಂತಿತು, ಬೈಗುಳವೂ ನಿಂತಿತು. ಉಳಿದದ್ದು ಅಪ್ಪಣೆಗಳು ಮಾತ್ರ.

ಎರಡು ತಿಂಗಳಾಗಿರಬಹುದು. ಒಂದು ರಾತ್ರಿ ಮಗಳು ನನ್ನ ಕುತ್ತಿಗೆ ತಬ್ಬಿಕೊಂಡು, “ಆಯಿ, ಆಜಿಗೆ ನನ್ನ ಮೇಲೆ ಸಿಟ್ಟೇ?” ಎಂದು ಕೇಳಿದಳು. ಕೇಳಿದ್ದು ಕನ್ನಡದಲ್ಲಿಯೇ, ಒಂದೂ ತಪ್ಪಿಲ್ಲದೆ. ಅಂಥ ಕನ್ನಡ ನನಗೆ ಬೇಡವಾಗಿತ್ತು. ಮರುದಿನ ಬೆಳಿಗ್ಗೆ ಗಂಡ ತನ್ನ ತಾಯಿಯ ಮುಂದೆ ಕುಳಿತು ತಪ್ಪಾಯಿತು ಎಂದ. ಅಂದು ಮಧ್ಯಾಹ್ನವೇ ಕಾಗೆ ಗುಬ್ಬಿ ಮನೆಗೆ ಮರಳಿದವು.

ಕಲಸಿ ಮಾತನಾಡುವುದಕ್ಕೆ ಹೆದರಬೇಡಿ. ಅದರಲ್ಲೊಂದು ಕ್ರಮ ಇರುತ್ತದೆ, ಕಿವಿಗೊಟ್ಟು ಕೇಳಿ. ‘ಉದಕ ಬೇಕು’ ಎನ್ನುವ ಮಗುವಿಗೆ ಕನ್ನಡದ ವಾಕ್ಯ ಬಂದಿದೆ, ಒಂದು ಪದ ಮಾತ್ರ ಬೇರೆ ಮನೆಯಿಂದ ಬಂದಿದೆ. ಆಗ ನಾನು, “ನೀರು ಬೇಕೇ? ತಡೆ, ನೀರು ಕೊಡುತ್ತೇನೆ” ಎಂದು ಕೊಡುತ್ತೇನೆ, ಅಷ್ಟೆ. ತಪ್ಪು ಎನ್ನುವುದಿಲ್ಲ, ಮತ್ತೆ ಹೇಳು ಎನ್ನುವುದಿಲ್ಲ, ನೆಂಟರ ಮುಂದಂತೂ ತಿದ್ದುವುದೇ ಇಲ್ಲ. ಬಂದವರೆಲ್ಲ ‘ಕೊಂಕಣಿಯಲ್ಲಿ ಹೇಳು ನೋಡೋಣ, ಕನ್ನಡದಲ್ಲಿ ಹೇಳು ನೋಡೋಣ’ ಎಂದು ಮಗುವನ್ನು ಆಡಿಸುವುದನ್ನು ನಾನು ಕಟ್ಟುನಿಟ್ಟಾಗಿ ತಡೆದಿದ್ದೇನೆ. ಮಾತು ಪ್ರದರ್ಶನಕ್ಕೆ ಇಡುವ ವಸ್ತುವಲ್ಲ.

ಅವಳ ಕೆಲವು ತಪ್ಪುಗಳು ನನಗೇ ವ್ಯಾಕರಣ ಕಲಿಸಿದವು. ಒಂದು ದಿನ “ಬಸ್ ಬಂದಳು” ಎಂದಳು. ಕನ್ನಡದಲ್ಲಿ ನಿರ್ಜೀವ ವಸ್ತುಗಳೆಲ್ಲ ನಪುಂಸಕ. ಕೊಂಕಣಿಯಲ್ಲಿ ಹಾಗಲ್ಲ, ಅಲ್ಲಿ ಮರ ಪುಲ್ಲಿಂಗ, ಬಸ್ಸು ಸ್ತ್ರೀಲಿಂಗ. ಮಗು ಆ ನಿಯಮವನ್ನು ಈ ಭಾಷೆಗೆ ತಂದಿತ್ತು. ಇನ್ನೊಂದು ಇದಕ್ಕಿಂತ ಸೊಗಸಾದದ್ದು. ಕೊಂಕಣಿಯಲ್ಲಿ ಚಿಕ್ಕ ಹುಡುಗಿಯನ್ನು ನಪುಂಸಕದಲ್ಲಿ ಹೇಳುತ್ತಾರೆ. ನಮ್ಮ ಹವ್ಯಕ ಕನ್ನಡದಲ್ಲಿಯೂ ಹೆಣ್ಣುಮಕ್ಕಳಿಗೆ ‘ಅದು’ ಎಂದೇ ಪ್ರಯೋಗ, ‘ಕೂಸು ಬಂತು’ ಎನ್ನುತ್ತೇವೆ. ಇಬ್ಬರು ಅಜ್ಜಿಯರ ಬಾಯಲ್ಲಿಯೂ ‘ಅದು’ ಆಗಿ ಬೆಳೆದವಳಿಗೆ ಅಂಗನವಾಡಿಯಲ್ಲಿ ಟೀಚರ್ ‘ಅವಳು’ ಎಂದದ್ದು ಹೊಸತು. ಮನೆಗೆ ಬಂದು, “ನಾನು ಅವಳೋ, ಅದೋ?” ಎಂದು ಕೇಳಿದಳು. ನಾಲ್ಕು ವರ್ಷದ ಮಗು ಭಾಷೆಯನ್ನು ಹೊರಗೆ ನಿಂತು ನೋಡಿ ಪ್ರಶ್ನೆ ಕೇಳುತ್ತಿದೆ ಎಂದರೆ ಅದಕ್ಕೆ ಗೊಂದಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಪದಗಳ ಲೆಕ್ಕ ಹಾಕುವಾಗ ಒಂದು ಮಾತು ನೆನಪಿಡಿ. ಎರಡು ಭಾಷೆಯ ಮಗುವಿನ ಪದಗಳನ್ನು ಎರಡೂ ಭಾಷೆ ಸೇರಿಸಿ ಎಣಿಸಬೇಕು. ಒಂದನ್ನೇ ಎಣಿಸಿದರೆ ಮಗು ಹಿಂದುಳಿದಂತೆ ಕಾಣುತ್ತದೆ. ನನ್ನ ಮಗಳಿಗೆ ಮೀನುಗಳೆಲ್ಲ ಗೊತ್ತಿರುವುದು ಕೊಂಕಣಿಯಲ್ಲಿ ಮಾತ್ರ. ಬಾಂಗಡೆ, ತಾರ್ಲೆ, ಇಸ್ವಣ ಎಂದು ಬುಟ್ಟಿಯಲ್ಲಿ ಗುರುತಿಸುತ್ತಾಳೆ. ನನಗೆ ಅವು ಯಾವ ಭಾಷೆಯಲ್ಲಿಯೂ ಗೊತ್ತಿರಲಿಲ್ಲ, ಅವಳಿಂದ ಕಲಿತೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ತವರು ತಲುಪಿದರೆ ಇನ್ನೊಂದು ಗಂಟು ಬಿಚ್ಚುತ್ತದೆ: ಹಾಳೆ, ಸೋಗೆ, ಸಿಂಗಾರ, ತಂಬುಳಿ. ಅಡಿಕೆ ಹಾಳೆಯ ಮೇಲೆ ಕುಳಿತು ಎಳೆಸಿಕೊಳ್ಳುವ ಆಟಕ್ಕೆ ಅವಳ ಬಳಿ ಕೊಂಕಣಿ ಪದವಿಲ್ಲ, ಬೇಕಾಗಿಯೂ ಇಲ್ಲ.

ಕೆಲವೊಮ್ಮೆ ಎರಡು ಮನೆಗಳೂ ಒಂದೇ ಪದದಲ್ಲಿ ಕೂಡುತ್ತವೆ. 2024ರ ಆಗಸ್ಟ್‌ನಲ್ಲಿ ಕಾಳಿಯ ಹಳೆಯ ಸೇತುವೆ ರಾತ್ರೋರಾತ್ರಿ ಕುಸಿಯಿತು. ಲಾರಿಯೊಂದು ನದಿಗೆ ಬಿದ್ದಿತು, ಚಾಲಕನನ್ನು ಬದುಕಿಸಿ ಮೇಲೆತ್ತಿದರು. ದಿನವೂ ನಾವು ನೋಡುವ ಸೇತುವೆ, ಮನೆಯಲ್ಲೆಲ್ಲ ಅದೇ ಮಾತು. ಮಗಳು ಶಿರಸಿಯ ಅಮ್ಮಮ್ಮನಿಗೆ ಫೋನಿನಲ್ಲಿ ಆಜಿಯ ಪದವನ್ನೇ ಬಳಸಿ, “ಸಾಂಕವ ಬಿತ್ತು” ಎಂದಳು. ನನ್ನ ತಾಯಿಗೆ ಅದು ‘ಸಂಕ’ ಎಂದೇ ಕೇಳಿಸಿತು. ನಮ್ಮಲ್ಲಿ ಹಳ್ಳ ದಾಟಲು ಅಡ್ಡಹಾಕುವ ಮರದ ದಿಮ್ಮಿಗೆ ಸಂಕ ಎನ್ನುತ್ತಾರೆ. ತೋಟದ ಸಂಕ ಮಳೆಗೆ ಬಿದ್ದಿತೆಂದು ಯಾರೋ ಹೇಳಿರಬೇಕು ಎಂದುಕೊಂಡು ಅವರು ತಂದೆಯನ್ನು ಹಳ್ಳದ ಕಡೆ ಓಡಿಸಿದರು! ಆಮೇಲೆ ಇಬ್ಬರು ಅಜ್ಜಿಯರೂ ಫೋನಿನಲ್ಲಿ ಆ ಒಂದು ಪದದ ಬಗ್ಗೆ ಬಹಳ ಹೊತ್ತು ಮಾತನಾಡಿದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಅಷ್ಟು ಹೊತ್ತು ಮಾತನಾಡಿದ್ದನ್ನು ನಾನು ಕಂಡಿರಲಿಲ್ಲ.

ಕನ್ನಡ ಹಿಂದೆ ಬೀಳುತ್ತದೆಂಬ ಭಯ ನಿಮಗಿದ್ದರೆ, ಕನ್ನಡವನ್ನು ಹೆಚ್ಚಿಸಿ, ಕೊಂಕಣಿಯನ್ನು ಕಡಿಮೆ ಮಾಡಬೇಡಿ. ನಾನು ರಾತ್ರಿ ಅರ್ಧ ಗಂಟೆ ಕನ್ನಡದಲ್ಲಿ ಓದಿ ಹೇಳುತ್ತೇನೆ, ಅಡುಗೆ ಮಾಡುವಾಗ ಮಾಡುವುದನ್ನೆಲ್ಲ ಹೇಳುತ್ತಾ ಮಾಡುತ್ತೇನೆ. ಎರಡೂ ಭಾಷೆಗಳ ಸಮಯವನ್ನು ನುಂಗುವುದು ಮೊಬೈಲ್. ಅದನ್ನು ಊಟದ ಹೊತ್ತಿನಲ್ಲಿ ದೂರವಿಟ್ಟರೆ ಸಾಕಷ್ಟು ಮಾತು ತಾನೇ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಡಮಾಡಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ಹಾಗಾಗಿ ನಿಜವಾಗಿಯೂ ತಡವಾಗಿದ್ದರೆ ಕಾರಣ ಬೇರೆ ಇರುತ್ತದೆ, ಅದನ್ನು ಹುಡುಕಬೇಕು. ಎರಡು ವರ್ಷಕ್ಕೆ ಎರಡೂ ಭಾಷೆ ಸೇರಿ ಸುಮಾರು 50 ಪದಗಳು, ಎರಡೆರಡು ಪದ ಜೋಡಿಸಿ ಹೇಳುವುದು ಬರಬೇಕು. ಎರಡು ದಾಟಿದರೂ ಯಾವ ಭಾಷೆಯಲ್ಲಿಯೂ ಇದು ಬಾರದಿದ್ದರೆ, ಅಥವಾ ಕರೆದಾಗ ತಿರುಗಿ ನೋಡದಿದ್ದರೆ, ಮೊದಲು ಶ್ರವಣ ಪರೀಕ್ಷೆ ಮಾಡಿಸಿ, ಆಮೇಲೆ ವಾಕ್ ತಜ್ಞರನ್ನು ಕಾಣಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಮಗು ಧಾರಾಳವಾಗಿ ಮಾತನಾಡುತ್ತದೆ. ಅನುಮಾನ ಉಳಿಯಬಾರದೆಂದು ಹೇಳಿದೆ.

ಈಗ ನನ್ನ ಮಗಳು ಒಂದನೆಯ ತರಗತಿ, ಕನ್ನಡ ಶಾಲೆ. ಅಕ್ಷರ ಕಲಿತ ಮೇಲೆ ಅವಳಿಗೆ ಹೊಳೆದದ್ದು, ಆಜಿಯ ಮಾತನ್ನೂ ಇದೇ ಅಕ್ಷರದಲ್ಲಿ ಬರೆಯಬಹುದೆಂಬುದು. ಕೊಂಕಣಿ 1992ರಿಂದ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿರುವ ಭಾಷೆ, ದೇವನಾಗರಿಯಲ್ಲಿಯೂ ಕನ್ನಡ ಲಿಪಿಯಲ್ಲಿಯೂ ಅದನ್ನು ಬರೆಯುತ್ತಾರೆ. ಇದೆಲ್ಲ ಅವಳಿಗೆ ಗೊತ್ತಿಲ್ಲ. ಅವಳು ಅಕ್ಕಿ ಡಬ್ಬಿಯ ಮೇಲೆ ಸೀಸದ ಕಡ್ಡಿಯಲ್ಲಿ ‘ತಾಂದುಳ’ ಎಂದು ಬರೆದು ಅಂಟಿಸಿದ್ದಾಳೆ. ಅತ್ತೆಯವರು ಆ ಚೀಟಿಯನ್ನು ತೆಗೆಯಲು ಯಾರಿಗೂ ಬಿಟ್ಟಿಲ್ಲ.

ಶಾಲೆಯವರು ನಾಳೆ ಕಾರ್ಡು ತೋರಿಸಿ ಏನೇ ಹೇಳಲಿ, ‘ಉದಕ’ ಸರಿಯಾದ ಉತ್ತರವೆಂದು ಅಲ್ಲಿಯೇ ಹೇಳಿ. ಅದಕ್ಕಿಂತ ಮೊದಲು ಇಂದು ಸಂಜೆ ನಿಮ್ಮ ಅತ್ತೆಯವರ ಬಳಿ ಕುಳಿತು, ಮೊಮ್ಮಗಳ ಜೊತೆ ಕೊಂಕಣಿಯಲ್ಲಿಯೇ ಮಾತನಾಡಿ ಎಂದು ಕೇಳಿಕೊಳ್ಳಿ.