ಅಡಿಕೆ ತೋಟಕ್ಕೆ ಮಿನಿ ಟ್ರ್ಯಾಕ್ಟರ್: ಹೆಚ್‌ಪಿಗಿಂತ ಮೊದಲು ಅಗಲ ನೋಡಿ

ಪ್ರಶ್ನೆ: ಮೂರು ಎಕರೆ ಅಡಿಕೆ ತೋಟ. ಒಂಬತ್ತಡಿ ಅಂತರ, ಹನ್ನೆರಡು ವರ್ಷದ ಮರಗಳು, ಡ್ರಿಪ್ ಇದೆ. ಕಳೆಗೆ ಆಳು ಸಿಗುತ್ತಿಲ್ಲ. 24 ಹೆಚ್‌ಪಿಯದ್ದೇ ತಗೊಳ್ಳಿ ಅನ್ನುವವರಿದ್ದಾರೆ, 11 ಹೆಚ್‌ಪಿ ಧಾರಾಳ ಅನ್ನುವವರೂ ಇದ್ದಾರೆ. ಯಾವುದು ಸರಿ?
– ಓದುಗರು, ಚನ್ನಗಿರಿ

ಉತ್ತರ: ಶೋರೂಮಿಗೆ ಹೋಗುವ ಮೊದಲು ನಾಲ್ಕಡಿ ಉದ್ದದ ಒಂದು ಬಿದಿರು ಕಡಿದುಕೊಳ್ಳಿ. ಅದನ್ನು ಅಡ್ಡ ಹಿಡಿದು ಸಾಲಿನ ನಟ್ಟನಡುವೆ ನಡೆಯಿರಿ. ಒಮ್ಮೆ ಮೊಣಕಾಲ ಮಟ್ಟದಲ್ಲಿ, ಇನ್ನೊಮ್ಮೆ ಎದೆ ಮಟ್ಟದಲ್ಲಿ. ಅಳತೆ ಹಿಡಿದು ನೆಟ್ಟ ತೋಟದಲ್ಲೂ ಸಾಲು ಬಿಟ್ಟು ಒಳಗೆ ಬಾಗಿದ ಮರ ನಾಲ್ಕಾರಾದರೂ ಸಿಗುತ್ತವೆ. ಯಂತ್ರ ಹೋಗಬೇಕಾದ್ದು ಅಲ್ಲಿಯೂ. ಹಾಗಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಅತಿ ಇಕ್ಕಟ್ಟಿನ ಜಾಗವನ್ನು.

ಇನ್ನು ಬೇರಿನ ಮಾತು. ಅಡಿಕೆಗೆ ತಾಯಿಬೇರಿಲ್ಲ. ಬಹುಪಾಲು ಬೇರು ಬುಡದಿಂದ ಒಂದು ಮೀಟರಿನೊಳಗೆ, ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತದೆ. ಒಂಬತ್ತಡಿಯಲ್ಲಿ ಎರಡೂ ಕಡೆ ಮೂರು ಮೂರಡಿ ಬಿಟ್ಟರೆ ಉಳುವುದಕ್ಕೆ ಉಳಿಯುವುದು ನಡುವಿನ ಮೂರೇ ಅಡಿ. ಎರಡೂವರೆ ಅಡಿಯಷ್ಟೇ ಬಿಟ್ಟರೂ ನಾಲ್ಕಡಿ ದಾಟದು. ಅಂದಮೇಲೆ ನಿಮಗೆ ಬೇಕಾದ್ದು ಮೂರರಿಂದ ಮೂರೂವರೆ ಅಡಿಯ ರೋಟವೇಟರ್ (ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿಮಾಡುವ ಸಲಕರಣೆ). ಅದನ್ನು ಎಳೆಯಲು ಎಷ್ಟು ಶಕ್ತಿ ಬೇಕು ಎನ್ನುವುದು ಆಮೇಲಿನ ಪ್ರಶ್ನೆ.

ಎರೆ ಮಣ್ಣು ಒಣಗಿದರೆ ಕಲ್ಲು. ಅಂಥಲ್ಲಿ 11 ಹೆಚ್‌ಪಿ ಯಂತ್ರ ತಿಣುಕುತ್ತದೆ. 11 ಹೆಚ್‌ಪಿಯ ಸ್ವರಾಜ್ ಕೋಡ್‌ನಂಥ ಪೆಟ್ರೋಲ್ ಯಂತ್ರದ ಅಗಲ ಮೂರಡಿಗೂ ಕಡಿಮೆ. ಕೆಂಪು ಮಣ್ಣಿನಲ್ಲಿ, ಎಳೆ ಕಳೆ ಇರುವಾಗಲೇ ಹೊಡೆಯುವವರಿಗೆ ಅದು ಒಪ್ಪುತ್ತದೆ. ಎರೆ ಮಣ್ಣಾದರೆ ಕುಬೋಟಾ ನಿಯೋಸ್ಟಾರ್ ಬಿ2441, ಮಹೀಂದ್ರಾ ಜಿವೋ 245 ಥರದ 24 ಹೆಚ್‌ಪಿ, ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್‌ಗಳನ್ನು ನೋಡಿ. 24 ಎಂದರೆ ಎಂಜಿನ್ ಲೆಕ್ಕ. ರೋಟವೇಟರ್ ತಿರುಗಿಸುವ ಪಿಟಿಒಗೆ (ಟ್ರ್ಯಾಕ್ಟರ್ ಹಿಂದಿನ ತಿರುಗುವ ಶಾಫ್ಟಿಗೆ) ಬರುವುದು ಅದಕ್ಕಿಂತ ಕಡಿಮೆ, ಮಾದರಿಯಿಂದ ಮಾದರಿಗೆ ಬೇರೆ. ಕೊಳ್ಳುವಾಗ ಈ ಪಿಟಿಒ ಹೆಚ್‌ಪಿಯನ್ನೇ ಕೇಳಿ. ಹಿಂದಿನ ಎರಡು ಟೈರ್‌ಗಳ ಹೊರಅಂಚಿನಿಂದ ಹೊರಅಂಚಿಗೆ ಟೇಪ್ ಹಿಡಿದು ಅಳೆಯಿರಿ. ರೋಟವೇಟರ್ ಅದಕ್ಕಿಂತ ಕಿರಿದಾಗಿದ್ದರೆ ಟೈರ್ ತುಳಿದ ಪಟ್ಟಿ ಹಾಗೇ ಗಟ್ಟಿಯಾಗಿ ಉಳಿಯುತ್ತದೆ.

ಸಾಲಿನ ತುದಿಯಲ್ಲಿ ತಿರುಗಿಸಲು ಹತ್ತು–ಹನ್ನೆರಡು ಅಡಿ ಖಾಲಿ ಜಾಗ ಬೇಕು. ಬೇಲಿಯವರೆಗೂ ಮರವಿದ್ದರೆ ಪ್ರತಿ ಸಾಲಿಗೂ ರಿವರ್ಸ್ ಹೊಡೆಯಬೇಕಾಗುತ್ತದೆ. ಪಕ್ಕದ ಸಾಲಿಗೇ ಒಂದೇ ಸುತ್ತಿನಲ್ಲಿ ತಿರುಗುವುದು ಮಿನಿ ಟ್ರ್ಯಾಕ್ಟರ್‌ಗೂ ಕಷ್ಟ. ಒಂದನೇ ಸಾಲಿಗೆ ಹೋಗಿ ಮೂರನೆಯದರಲ್ಲಿ ಬನ್ನಿ. ಸೈಲೆನ್ಸರ್ ಕೆಳಮುಖವಾಗಿರಲಿ, ಸೀಟಿನ ಹಿಂದಿನ ಕಬ್ಬಿಣದ ಕಮಾನು ಮಡಚುವಂತಿರಲಿ. ಇಲ್ಲದಿದ್ದರೆ ಸೋಗೆ ಸುಡುತ್ತದೆ, ಮುರಿಯುತ್ತದೆ.

ಆಳ ಮೂರ್ನಾಲ್ಕು ಇಂಚು ಮೀರಬೇಡಿ. ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಿ. ಪುಡಿಯಾದರೆ ಹದ ಬಂದಿದೆ. ಚಪ್ಪಟೆಯಾಗಿ ಅಂಟಿ ಕೂತರೆ ಅಂದು ಟ್ರ್ಯಾಕ್ಟರ್ ಶೆಡ್ಡಿನಲ್ಲೇ ಇರಲಿ. ಹಸಿ ಎರೆಯಲ್ಲಿ ಪದೇ ಪದೇ ಓಡಿಸಿದರೆ ಬ್ಲೇಡಿನ ಕೆಳಗೆ ಗಟ್ಟಿ ಪದರ ಕಟ್ಟಿ, ಮಳೆ ನೀರು ಬುಡದಲ್ಲೇ ನಿಲ್ಲುತ್ತದೆ. ಸಾಲಿನುದ್ದಕ್ಕೂ ಹಾಸಿದ ಸಣ್ಣ ಪೈಪುಗಳಾದ ಡ್ರಿಪ್ ಲ್ಯಾಟರಲ್‌ಗಳನ್ನು ಮೊದಲೇ ಎತ್ತಿ ಮರಕ್ಕೆ ಸಿಕ್ಕಿಸಿ. ಒಂದು ಪೈಪ್ ಸುತ್ತಿಕೊಂಡರೆ ಇಡೀ ಸಾಲಿನದು ಕಿತ್ತು ಬರುತ್ತದೆ.

ಮೂರು ಎಕರೆಗೆ ಸ್ವಂತ ಟ್ರ್ಯಾಕ್ಟರ್ ಬೇಕೇ? ವರ್ಷಕ್ಕೆ ಎರಡು ಸಲ ಉಳುವುದಷ್ಟೇ ಆದರೆ ಬೇಡ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ಗೊಬ್ಬರ ಸಾಗಣೆ, ಔಷಧಿ ಸಿಂಪಡಣೆ, ಅಡಿಕೆ ಕೊನೆ ಹೊರುವುದೂ ಸೇರಿದರೆ ಲೆಕ್ಕ ಬೇರೆ. ಸಬ್ಸಿಡಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಿ, ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಇರಲೇಬೇಕು. ಮಂಜೂರಾತಿ ಕೈಸೇರುವ ಮೊದಲೇ ಯಂತ್ರ ಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಕಣಿವೆ ತೋಟ, ಎರಡು ಸಾಲಿಗೊಂದು ಬಸಿಗಾಲುವೆ. ಕೈಯಲ್ಲಿ ಹಿಡಿದು ನಡೆಸುವ ಟಿಲ್ಲರ್ ಆದರೂ ಇಳಿಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. 12–13 ಹೆಚ್‌ಪಿ ಟಿಲ್ಲರನ್ನು ಕಾಲುವೆ ದಾಟಿಸಲು ಹಲಗೆ ಹಾಕಬೇಕು, ಹಲಗೆ ಜಾರಿದರೆ ಯಂತ್ರದ ಭಾರ ಹಿಡಿದವರ ಮೇಲೇ. ಅದಕ್ಕಿಂತ ದೊಡ್ಡ ತೊಂದರೆ, ಸಡಿಲಾದ ಮಣ್ಣು ಮಲೆನಾಡಿನ ಮೊದಲ ಜೋರು ಮಳೆಗೇ ಕಾಲುವೆ ಸೇರಿ ಅದನ್ನು ಮುಚ್ಚುತ್ತದೆ. ಬ್ರಷ್ ಕಟರ್‌ನಲ್ಲಿ ಕಳೆ ಸವರಿ ಅಲ್ಲೇ ಬಿಡಿ. ಅಗತೆ ಬೇಕೆಂದರೆ ಮಳೆಗಾಲ ಮುಗಿದ ಮೇಲೆ, ಹಗುರವಾಗಿ, ಕೈಯಲ್ಲೇ.

ಪ್ರಶ್ನೆ: ತೆಂಗಿನ ತೋಟದಲ್ಲಿ ರೋಟವೇಟರ್ ಹೊಡೆಯುತ್ತೇವೆ. ರೋಟರ್ (ಬ್ಲೇಡು ಕೂರಿಸಿದ ದಂಡ) ತುದಿಯ ಆಯಿಲ್ ಸೀಲ್ ಎರಡು ಸಲ ಬದಲಿಸಿದರೂ ಮತ್ತೆ ಸೋರುತ್ತಿದೆ. ಸೀಲ್ ಕಳಪೆಯೇ?
– ಓದುಗರು, ತಿಪಟೂರು

ಉತ್ತರ: ಸೀಲ್ ಅಲ್ಲ, ನಾರು. ಸೋಗೆಯ ನಾರು, ಮಟ್ಟೆಯ ಚೂರು ರೋಟರ್ ತುದಿಗೂ ಪಕ್ಕದ ತಗಡಿಗೂ ನಡುವೆ ಸುತ್ತಿ ಬಿಗಿಯುತ್ತದೆ. ತಿರುಗಿದಷ್ಟೂ ಒಳಗೆ ನುಗ್ಗಿ ಸೀಲಿನ ತುಟಿಯನ್ನು ಎತ್ತುತ್ತದೆ. ಆಯಿಲ್ ಹೊರಗೆ, ಮಣ್ಣು ಒಳಗೆ. ಮುಂದಿನ ಸರದಿ ಬೇರಿಂಗಿನದು. ಈ ಸಲ ಸೀಲ್ ಬಿಚ್ಚಿದಾಗ ಅದು ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಓಡಿಸಿ. ಗೆರೆ ತಾಗಿದರೆ ಶಾಫ್ಟ್ ಸವೆದಿದೆ ಎಂದರ್ಥ. ಅದನ್ನು ಸರಿಪಡಿಸದೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರುತ್ತದೆ.

ಉಳುವ ಮೊದಲು ಬಿದ್ದ ಸೋಗೆ ಹೆಕ್ಕಿ ತೆಗೆಯಿರಿ. ಅರ್ಧ ದಿನಕ್ಕೊಮ್ಮೆ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿ, ಎತ್ತಿದ ರೋಟವೇಟರ್ ಕೆಳಗೆ ಮರದ ದಿಮ್ಮಿ ಕೊಟ್ಟು ನಾರನ್ನು ಕುಡುಗೋಲಿನಿಂದ ಕತ್ತರಿಸಿ ತೆಗೆಯಿರಿ. ಹೈಡ್ರಾಲಿಕ್ ಹಿಡಿದಿದೆ ಎಂದು ನಂಬಿ ಕೈ ಹಾಕಬೇಡಿ.